ಭಾನುವಾರದ ಕೂಟ

ನಮ್ಮಲ್ಲಿ ದೇವಸ್ಥಾನಕ್ಕೆ ಹೋಗುವವನು ತನಗೆ ಬಿಡುವಾದಾಗ ಹೋಗುತ್ತಾನೆ. ಕೈಕಾಲು ತೊಳೆದು, ಗಂಟೆ ಬಾರಿಸಿ, ದರ್ಶನ ಮಾಡಿ, ತೀರ್ಥಪ್ರಸಾದಗಳನ್ನು ಸ್ವೀಕರಿಸಿ, ಒಂದು ಗಳಿಗೆ ಜಗಲಿಯ ಮೇಲೆ ಕುಳಿತು ಎದ್ದು ಬರುತ್ತಾನೆ. ಆ ಹೊತ್ತಿನಲ್ಲಿ ಅಲ್ಲಿ ಮತ್ತೊಬ್ಬ ಭಕ್ತನಿರಲಿ ಇಲ್ಲದಿರಲಿ, ದರ್ಶನಕ್ಕೆ ಊನವಿಲ್ಲ. ಒಂದು ತಿಂಗಳು ಹೋಗದಿದ್ದರೆ ಏಕೆ ಬರಲಿಲ್ಲವೆಂದು ಕೇಳುವವರೂ ಇಲ್ಲ. ರಥೋತ್ಸವ, ಭಜನೆ, ಪುರಾಣಶ್ರವಣಗಳಿಗೆ ಜನ ಕೂಡುತ್ತಾರೆ, ನಿಜ. ಆದರೆ ಜನ ಕೂಡದಿದ್ದರೆ ಪೂಜೆಯೇ ಅಪೂರ್ಣ ಎಂಬ ಭಾವನೆ ನಮ್ಮಲ್ಲಿ ಬಲವಾಗಿಲ್ಲ. ಹೀಗೆ ಬೆಳೆದ ನಮಗೆ, ನೆರೆಮನೆಯ ಕ್ರೈಸ್ತ ಕುಟುಂಬವು ಮಳೆಯಿರಲಿ ಬಿಸಿಲಿರಲಿ ಪ್ರತಿ ಭಾನುವಾರ ಬೆಳಿಗ್ಗೆ ಮಕ್ಕಳುಮರಿಗಳೊಂದಿಗೆ ಗೊತ್ತಾದ ವೇಳೆಗೆ ಹೊರಡುವುದನ್ನು ಕಂಡರೆ ಸ್ವಲ್ಪ ಆಶ್ಚರ್ಯವಾಗುವುದು ಸಹಜ. ‘ಅವರ ದೇವರು ಮನೆಯಲ್ಲಿ ಇಲ್ಲವೆ ಸಾರ್?’ ಎಂದು ನನ್ನ ತರಗತಿಯ ಹುಡುಗನೊಬ್ಬ ಒಮ್ಮೆ ಕೇಳಿದ್ದುಂಟು.

ಪ್ರಶ್ನೆ ಒಳ್ಳೆಯದೇ. ಕ್ರೈಸ್ತರಲ್ಲಿಯೂ ಅದನ್ನು ಕೇಳುವವರು ಇದ್ದಾರೆ. ಇಂದು ನೆನ್ನೆಯಿಂದಲ್ಲ, ಮೊದಲಿನಿಂದಲೂ ಇದ್ದಾರೆ. ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಸೇರಿರುವ ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ, ಕೆಲವರು ಕೂಟಕ್ಕೆ ಬರುವುದನ್ನು ಬಿಡುವ ರೂಢಿ ಮಾಡಿಕೊಂಡಿದ್ದಾರೆ, ನೀವು ಹಾಗೆ ಮಾಡಬೇಡಿರಿ ಎಂಬ ಅರ್ಥದ ಬುದ್ಧಿವಾದವಿದೆ. ಎಂದಮೇಲೆ ಭಾನುವಾರ ತಪ್ಪಿಸಿಕೊಳ್ಳುವವರ ವಂಶವೂ ಆ ಧರ್ಮದಷ್ಟೇ ಹಳೆಯದು. ಕೂಟಕ್ಕೆ ಹೋಗುವುದರಿಂದ ದೊರೆಯುವ ಪಾರಮಾರ್ಥಿಕ ಫಲವೇನು ಎಂಬುದನ್ನು ಅವರ ಗುರುಗಳು ಹೇಳಬೇಕು. ಆ ಕೂಟ ಏನೇನು ಕೆಲಸ ಮಾಡಿತು, ಅದು ಇಲ್ಲದ ಕಡೆ ಏನಾಯಿತು ಎಂಬುದನ್ನು ಇತಿಹಾಸ ಹೇಳುತ್ತದೆ. ನನ್ನ ಮಾತು ಅಷ್ಟಕ್ಕೇ.

ಮೊದಲು ಶಬ್ದವಿಚಾರ, ಪಂಡಿತನಿಗೆ ಅದು ಬಿಡದ ಚಾಳಿ. ಕರಾವಳಿಯವರು ಕ್ರೈಸ್ತರ ದೇವಾಲಯವನ್ನು ‘ಇಗರ್ಜಿ’ ಎನ್ನುತ್ತಾರೆ. ಇದು ಪೋರ್ಚುಗೀಸರ ಮಾತು. ಅದರ ಮೂಲ ಗ್ರೀಕಿನ ‘ಎಕ್ಲೇಸಿಯ’. ಅಥೆನ್ಸ್ ಮೊದಲಾದ ನಗರಗಳಲ್ಲಿ ಪೌರರನ್ನು ಕರೆದು ಸೇರಿಸುತ್ತಿದ್ದ ಸಭೆಗೆ ಆ ಹೆಸರಿತ್ತು. ಅಂದರೆ ಇಗರ್ಜಿ ಎಂದರೆ ಮೂಲತಃ ಗೋಡೆಯಲ್ಲ, ಗೋಪುರವಲ್ಲ. ಕರೆಗೆ ಓಗೊಟ್ಟು ನೆರೆದ ಜನ. ನಮ್ಮ ಪ್ರಾಟೆಸ್ಟೆಂಟ್ ಕ್ರೈಸ್ತರು ‘ಸಭೆ’ ಎಂಬ ಮಾತನ್ನು ಬಳಸುವುದು ಮೂಲಾರ್ಥಕ್ಕೆ ಬಹು ಹತ್ತಿರ. ಇನ್ನು ‘ಚರ್ಚು’ ಎಂಬುದು ಗ್ರೀಕಿನ ‘ಕುರಿಯಕೋನ್’ ಎಂಬುದರಿಂದ ಬಂದದ್ದೆಂದು ಹೇಳುತ್ತಾರೆ. ಕರ್ತನಿಗೆ ಸೇರಿದ್ದು ಎಂದು ಅದರ ಅರ್ಥ. ಇದೇ ಅರ್ಥದ ಲ್ಯಾಟಿನ್ ಪದ ‘ದೊಮಿನಿಕುಂ’. ಈ ಪದವನ್ನು ಓದುಗರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಒಂದು ನ್ಯಾಯಸ್ಥಾನದಲ್ಲಿ ಅದು ಮತ್ತೆ ಬರುತ್ತದೆ.

ಈ ಕೂಟದ ಹಳೆಯ ವರ್ಣನೆಗಳಲ್ಲಿ ಒಂದನ್ನು ಬರೆದವನು ಕ್ರೈಸ್ತನಲ್ಲ, ಒಬ್ಬ ರೋಮನ್ ಅಧಿಕಾರಿ. ಕ್ರಿ.ಶ. 112 ರ ಸುಮಾರಿನಲ್ಲಿ ಪ್ಲಿನಿ ಎಂಬವನು ಕಪ್ಪು ಸಮುದ್ರದ ದಕ್ಷಿಣ ತೀರದ ಬಿಥೀನಿಯ ಪ್ರಾಂತಕ್ಕೆ ಅಧಿಪತಿಯಾಗಿದ್ದನು. ಚಕ್ರವರ್ತಿ ಟ್ರೇಜನನಿಗೆ ಅವನು ಸಣ್ಣಪುಟ್ಟ ವಿಷಯಗಳನ್ನೂ ಬರೆದು ಅಪ್ಪಣೆ ಬೇಡುತ್ತಿದ್ದನು. ಒಮ್ಮೆ ನಿಕೊಮೀಡಿಯ ಪಟ್ಟಣದಲ್ಲಿ ಬೆಂಕಿ ಬಿದ್ದು ಬಹಳ ನಷ್ಟವಾದಾಗ, ಬೆಂಕಿ ಆರಿಸಲು 150 ಜನರ ಒಂದು ಸಂಘವನ್ನು ಏರ್ಪಡಿಸಲೇ ಎಂದು ಕೇಳಿದನು. ಬೇಡ ಎಂದು ಉತ್ತರ ಬಂದಿತು. ಜನರು ಯಾವ ಹೆಸರಿನಿಂದ ಗುಂಪು ಕೂಡಿದರೂ ಕೊನೆಗೆ ಅದು ರಾಜಕೀಯವಾಗುತ್ತದೆ ಎಂಬುದು ಚಕ್ರವರ್ತಿಯ ಅಂಜಿಕೆ. ಬೆಂಕಿ ಆರಿಸುವವರಿಗೇ ಕೂಟವಿಲ್ಲದ ಆ ರಾಜ್ಯದಲ್ಲಿ ಕ್ರೈಸ್ತರು ವಾರವಾರವೂ ಕೂಡುತ್ತಿದ್ದರು. ಪ್ಲಿನಿ ವಿಚಾರಣೆ ನಡೆಸಿ ಬರೆದದ್ದು ಇಷ್ಟು: ಇವರು ಗೊತ್ತಾದ ದಿನ ಬೆಳಕು ಹರಿಯುವ ಮುನ್ನ ಕೂಡುತ್ತಾರೆ, ಕ್ರಿಸ್ತನನ್ನು ದೇವರೆಂಬಂತೆ ಒಬ್ಬರಿಗೊಬ್ಬರು ಎದುರುಗೊಟ್ಟು ಹಾಡುತ್ತಾರೆ, ಕಳ್ಳತನ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತಿಗೆ ತಪ್ಪುವುದಿಲ್ಲ, ನಂಬಿ ಇಟ್ಟ ಒಡವೆಯನ್ನು ಇಲ್ಲವೆನ್ನುವುದಿಲ್ಲ ಎಂದು ಆಣೆ ಮಾಡುತ್ತಾರೆ, ಆಮೇಲೆ ಚದುರಿ, ಮತ್ತೆ ಊಟಕ್ಕೆ ಸೇರುತ್ತಾರೆ, ಊಟ ಎಲ್ಲರೂ ಉಣ್ಣುವಂಥ ನಿರಪಾಯವಾದ ಊಟವೇ. ನಿಜವನ್ನು ಹೊರಡಿಸುವುದಕ್ಕಾಗಿ ಆ ಸಭೆಯ ಸೇವಕಿಯರಾಗಿದ್ದ ಇಬ್ಬರು ದಾಸಿಯರನ್ನು ಹಿಂಸಿಸಿದೆನೆಂದು ಅವನೇ ಯಾವ ಸಂಕೋಚವೂ ಇಲ್ಲದೆ ಹೇಳಿಕೊಂಡಿದ್ದಾನೆ. ಮೂಢನಂಬಿಕೆಯಲ್ಲದೆ ಬೇರೇನೂ ಸಿಕ್ಕಲಿಲ್ಲವಂತೆ.

ಬೆಳಕು ಹರಿಯುವ ಮುನ್ನ ಎಂಬುದನ್ನು ಗಮನಿಸಬೇಕು. ಅಂದು ಭಾನುವಾರ ರಜೆಯ ದಿನವಲ್ಲ. ಹೊತ್ತು ಮೂಡಿದರೆ ದಾಸನು ಯಜಮಾನನ ಕೆಲಸಕ್ಕೆ ನಿಲ್ಲಬೇಕು, ಕಮ್ಮಾರನು ತಿದಿಯ ಮುಂದೆ ಕೂರಬೇಕು. ನಿದ್ದೆಯ ಒಂದು ಪಾಲನ್ನು ಕೊಟ್ಟು ಕೊಂಡ ಕೂಟ ಅದು.

ಇನ್ನು ಸುಮಾರು ನಾಲ್ವತ್ತು ವರ್ಷ ಕಳೆದ ಮೇಲೆ, 155 ರ ಆಸುಪಾಸಿನಲ್ಲಿ, ರೋಮಿನಲ್ಲಿದ್ದ ಜಸ್ಟಿನನೆಂಬ ಕ್ರೈಸ್ತ ತತ್ತ್ವಜ್ಞಾನಿ ಚಕ್ರವರ್ತಿಗೆ ಒಂದು ವಿಜ್ಞಾಪನೆ ಬರೆದನು. ನಮ್ಮ ಮೇಲೆ ಏನೇನೋ ಅಪವಾದಗಳಿವೆ, ನಾವು ಕೂಡಿ ಮಾಡುವುದು ಇದಿಷ್ಟೇ ಎಂದು ಅದರಲ್ಲಿ ಬಿಡಿಸಿ ಹೇಳಿದ್ದಾನೆ. ಸೂರ್ಯನ ದಿನವೆಂದು ಕರೆಯುವ ದಿನದಲ್ಲಿ (ನಮ್ಮ ‘ಆದಿತ್ಯವಾರ’ವೇ ಅಲ್ಲವೆ!) ಪಟ್ಟಣದವರೂ ಹಳ್ಳಿಯವರೂ ಒಂದೆಡೆ ಸೇರುತ್ತಾರೆ. ಅಪೊಸ್ತಲರ ಸ್ಮರಣೆಗಳನ್ನೋ ಪ್ರವಾದಿಗಳ ಬರಹವನ್ನೋ ವೇಳೆಯಿರುವಷ್ಟು ಓದುತ್ತಾರೆ. ಅಧ್ಯಕ್ಷನಾದವನು ಅದನ್ನು ಹಿಡಿದು ಉಪದೇಶ ಮಾಡುತ್ತಾನೆ. ಎಲ್ಲರೂ ಎದ್ದು ನಿಂತು ಪ್ರಾರ್ಥಿಸುತ್ತಾರೆ. ರೊಟ್ಟಿ, ದ್ರಾಕ್ಷಾರಸ, ನೀರುಗಳನ್ನು ತಂದಿಟ್ಟು ಸ್ತೋತ್ರ ಮಾಡಿ ಹಂಚುತ್ತಾರೆ. ಜನರು ‘ಆಮೆನ್’ ಎನ್ನುತ್ತಾರೆ. ಅನುಕೂಲವುಳ್ಳವರು ಇಷ್ಟಬಂದಷ್ಟು ಹಣ ಕೊಡುತ್ತಾರೆ; ಅದು ಅಧ್ಯಕ್ಷನಲ್ಲಿ ಜಮೆಯಾಗುತ್ತದೆ; ಅದರಿಂದ ಅವನು ಅನಾಥರನ್ನು, ವಿಧವೆಯರನ್ನು, ರೋಗಿಗಳನ್ನು, ಸೆರೆಯಲ್ಲಿರುವವರನ್ನು, ಪರಸ್ಥಳದಿಂದ ಬಂದವರನ್ನು ನೋಡಿಕೊಳ್ಳುತ್ತಾನೆ. ಇಂದು ಯಾವ ಚರ್ಚಿನ ಭಾನುವಾರದ ಆರಾಧನೆಗೆ ಹೋದರೂ ಈ ಕ್ರಮ ಬಹುಮಟ್ಟಿಗೆ ಹಾಗೆಯೇ ಇರುವುದನ್ನು ಕಾಣಬಹುದು.

ಜಸ್ಟಿನನ ಬರಹದಲ್ಲಿ ನನಗೆ ಬಹಳ ಹಿಡಿಸಿದ ಒಂದು ಸಣ್ಣ ಸಂಗತಿಯಿದೆ. ಹಂಚಿದ್ದರಲ್ಲಿ ಒಂದು ಪಾಲನ್ನು, ಬರಲಾಗದವರ ಮನೆಗೆ ಸೇವಕರು ಒಯ್ದು ಕೊಡುತ್ತಿದ್ದರು. ಯಾರು ಬಂದಿಲ್ಲವೆಂಬುದು ಗೊತ್ತಾಗಬೇಕಾದರೆ ಯಾರು ಯಾರು ಬರುತ್ತಾರೆಂಬುದು ಗೊತ್ತಿರಬೇಕು. ಉಪಾಧ್ಯಾಯರಾದ ನಾವು ಹಾಜರಿ ಪುಸ್ತಕ ಇಟ್ಟುಕೊಂಡಿರುವುದು ಹುಡುಗರನ್ನು ಹೆದರಿಸುವುದಕ್ಕೆಂದು ಹುಡುಗರ ಅಭಿಪ್ರಾಯ. ಆದರೆ ನಾಲ್ಕು ದಿನ ಬಾರದವನಿಗೆ ಜ್ವರವೋ, ಮನೆಯಲ್ಲಿ ಊಟಕ್ಕಿಲ್ಲವೋ ಎಂದು ವಿಚಾರಿಸುವುದಕ್ಕೂ ಬೇರೆ ಆಧಾರವಿಲ್ಲ. ನಿಯತವಾಗಿ ಬರುವವನ ಗೈರುಹಾಜರಿಗೆ ಮಾತ್ರ ಅರ್ಥವಿದೆ. ಎಂದಾದರೊಮ್ಮೆ ಬರುವವನು ಕಾಯಿಲೆ ಬಿದ್ದರೆ ಯಾರಿಗೆ ತಿಳಿಯಬೇಕು?

ಇದೇ ಜಸ್ಟಿನನನ್ನು 165 ರ ಸುಮಾರಿನಲ್ಲಿ ರಸ್ಟಿಕಸ್ ಎಂಬ ನಗರಾಧಿಪತಿಯ ಮುಂದೆ ನಿಲ್ಲಿಸಿದಾಗ, ನೀವು ಎಲ್ಲಿ ಕೂಡುತ್ತೀರಿ ಎಂಬ ಪ್ರಶ್ನೆಯನ್ನು ಅವನಿಗೆ ಹಾಕಿದರು. ಕೂಡುವ ಜಾಗವೆಂದರೆ ಆಗ ಸಾಮಾನ್ಯವಾಗಿ ಯಾರದಾದರೂ ಮನೆ. ಸಿರಿಯದ ಯೂಫ್ರೆಟಿಸ್ ತೀರದಲ್ಲಿ ದೂರಾ ಯೂರೋಪಸ್ ಎಂಬ ಹಾಳೂರನ್ನು ಅಗೆದಾಗ ಅಂಥ ಒಂದು ಮನೆ ದೊರೆಯಿತು. 240 ರ ಹೊತ್ತಿಗೆ ಯಾರೋ ಎರಡು ಕೋಣೆಗಳ ನಡುವಣ ಗೋಡೆ ಒಡೆದು ಒಂದು ಪಡಸಾಲೆ ಮಾಡಿಕೊಂಡಿದ್ದಾರೆ. ಎಪ್ಪತ್ತು ಜನ ಕೂರಬಹುದು, ಹೆಚ್ಚಿಲ್ಲ. ಶತ್ರುಗಳು ಊರಿಗೆ ಮುತ್ತಿಗೆ ಹಾಕಿದಾಗ ಕೋಟೆಗೋಡೆಯನ್ನು ಬಲಪಡಿಸಲು ಅದರ ಒತ್ತಿನ ಮನೆಗಳಿಗೆಲ್ಲ ಮಣ್ಣು ತುಂಬಿದ್ದರಿಂದ ಅದು ಉಳಿದು ಬಂದಿತು.

ಈಗ ಆ ನ್ಯಾಯಸ್ಥಾನದ ಕಥೆ. 303 ರಲ್ಲಿ ಡಯೊಕ್ಲೀಶಿಯನ್ ಚಕ್ರವರ್ತಿ ಕ್ರೈಸ್ತರ ದೇವಾಲಯಗಳನ್ನು ಕೆಡವಬೇಕು, ಗ್ರಂಥಗಳನ್ನು ಸುಡಬೇಕು, ಅವರು ಕೂಡಕೂಡದು ಎಂದು ಆಜ್ಞೆ ಹೊರಡಿಸಿದನು. ಉತ್ತರ ಆಫ್ರಿಕದಲ್ಲಿ, ಇಂದಿನ ಟುನೀಸಿಯ ದೇಶದಲ್ಲಿ, ಅಬಿತಿನೆ ಎಂಬ ಸಣ್ಣ ಊರು. ಅಲ್ಲಿನ ಬಿಷಪನು ಹೆದರಿ ಗ್ರಂಥಗಳನ್ನು ಒಪ್ಪಿಸಿಬಿಟ್ಟನು. ಊರ ಕ್ರೈಸ್ತರು ಮಾತ್ರ ಸಾಟರ್ನಿನಸ್ ಎಂಬ ಪಾದ್ರಿಯನ್ನು ಮುಂದಿಟ್ಟುಕೊಂಡು ಮನೆಗಳಲ್ಲಿ ಕೂಡುತ್ತ ಬಂದರು. ಕೊನೆಗೆ ಹಿಡಿಯಲ್ಪಟ್ಟವರು 49 ಜನ. 304 ನೆಯ ಫೆಬ್ರವರಿ 12 ರಂದು ಕಾರ್ಥೇಜಿನಲ್ಲಿ ಅನುಲೀನಸ್ ಎಂಬ ಪ್ರಾಂತಾಧಿಪತಿಯ ಮುಂದೆ ವಿಚಾರಣೆ ನಡೆಯಿತು. ಊರಸಭೆಯ ಸದಸ್ಯನೊಬ್ಬ, ತಮ್ಮ ಮಕ್ಕಳೊಂದಿಗೆ ಪಾದ್ರಿ, ತಂಗಿಯನ್ನು ಯಾರೋ ಮರುಳು ಮಾಡಿದ್ದಾರೆಂದು ಅಣ್ಣನೇ ಬಂದು ವಾದಿಸುತ್ತಿದ್ದ ವಿಕ್ಟೋರಿಯ ಎಂಬ ಕನ್ಯೆ: ಹೀಗೆ ನಾನಾ ಬಗೆಯವರು. ಸಭೆಯಲ್ಲಿ ಗ್ರಂಥಪಠನ ಮಾಡುತ್ತಿದ್ದ ಎಮೆರಿಟಸ್ ಎಂಬವನನ್ನು ಅಧಿಪತಿ ಕೇಳಿದನು: ನಿನ್ನ ಮನೆಯಲ್ಲಿ ಕೂಟ ನಡೆಯಿತೇ? ನಡೆಯಿತು. ಏಕೆ ಒಳಗೆ ಬಿಟ್ಟುಕೊಂಡೆ? ಅವರು ನನ್ನ ಒಡಹುಟ್ಟಿದವರು, ತಡೆಯಲಾರೆ. ತಡೆಯಬೇಕಾಗಿತ್ತು. ಆಗುವುದಿಲ್ಲ, ದೊಮಿನಿಕುಂ ಇಲ್ಲದೆ ನಾವು ಇರಲಾರೆವು. ಇದು ಅವನ ಉತ್ತರದ ಭಾವ.

ಈ ದೊಮಿನಿಕುಂ ಎಂದರೇನು? ಕರ್ತನ ದಿನವೇ? ಕರ್ತನ ಭೋಜನವೇ? ಕರ್ತನ ಜನರ ಕೂಟವೇ? ವಿದ್ವಾಂಸರು ಚರ್ಚೆ ಮಾಡಿದ್ದಾರೆ. ನನಗೆ ತೋರುವಂತೆ ಆ ಗ್ರಾಮಸ್ಥರಿಗೆ ಈ ಮೂರೂ ಬೇರೆ ಬೇರೆಯಾಗಿರಲಿಲ್ಲ. ಒಂದೇ ಮಾತು ಮೂರಕ್ಕೂ ಸಾಕಾಗಿತ್ತು. ಅಧಿಪತಿ ಇನ್ನೊಬ್ಬನನ್ನು ಕುರಿತು, ನೀನು ಕ್ರೈಸ್ತನೋ ಅಲ್ಲವೋ ಎಂದು ನಾನು ಕೇಳುತ್ತಿಲ್ಲ, ಕೂಟಕ್ಕೆ ಹೋದೆಯಾ ಎಂಬುದನ್ನಷ್ಟೆ ಹೇಳು ಎಂದನಂತೆ. ಬಹುಶಃ ಬಿಡುಗಡೆಗೆ ಒಂದು ಕಿಂಡಿ ತೆರೆಯಬೇಕೆಂದೇ ಅವನ ಉದ್ದೇಶವಿರಬಹುದು. ಮನಸ್ಸಿನಲ್ಲಿ ಏನು ಬೇಕಾದರೂ ನಂಬಿಕೊಂಡಿರು, ಕೂಡಬೇಡ. ಸಾಮ್ರಾಜ್ಯಕ್ಕೆ ಅಷ್ಟು ಸಾಕು. ಅವರು ಆ ಕಿಂಡಿಯಿಂದ ಹೊರಗೆ ಬರಲಿಲ್ಲ. ಪಾದ್ರಿಯ ಎಳೆಯ ಮಗನನ್ನು ಮೂಗು ಕಿವಿ ಕೊಯ್ಯುತ್ತೇನೆಂದು ಹೆದರಿಸಿದಾಗ ಅವನೂ ಬಗ್ಗಲಿಲ್ಲವೆಂದು ಕಥೆ ಹೇಳುತ್ತದೆ. ಇವರಲ್ಲಿ ಹಲವರು ಹಿಂಸೆಯಿಂದಲೂ ಸೆರೆಮನೆಯ ಹಸಿವಿನಿಂದಲೂ ಸತ್ತರು. ನಮಗೆ ಸಿಕ್ಕಿರುವ ಬರಹವು ಮುಂದೆ ಆಫ್ರಿಕದ ಕ್ರೈಸ್ತರಲ್ಲಿ ಒಡಕುಂಟಾದಾಗ ಒಂದು ಪಕ್ಷದವರು ತಿದ್ದಿ ಬೆಳೆಸಿದ್ದು; ಗ್ರಂಥ ಒಪ್ಪಿಸಿದವರ ಮೇಲಣ ಅವರ ಸಿಟ್ಟು ಅಲ್ಲಲ್ಲಿ ಕಾಣುತ್ತದೆ. ಆದರೂ ಪ್ರಶ್ನೋತ್ತರಗಳ ಭಾಗದಲ್ಲಿ ನ್ಯಾಯಾಲಯದ ಕಡತದ ವಾಸನೆಯಿದೆಯೆಂದು ತಿಳಿದವರ ಅಭಿಪ್ರಾಯ.

ಇದಾದ ಹದಿನೇಳೇ ವರ್ಷಕ್ಕೆ ಗಾಳಿ ತಿರುಗಿತು. 321 ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಭಾನುವಾರ ನ್ಯಾಯಸ್ಥಾನಗಳೂ ಪಟ್ಟಣದ ಕೆಲಸಗಾರರೂ ಬಿಡುವು ಪಡೆಯಬೇಕೆಂದು ಶಾಸನ ಮಾಡಿದನು. ಬೇಸಾಯಗಾರನಿಗೆ ಮಾತ್ರ ವಿನಾಯಿತಿ: ಹದ ತಪ್ಪಿದರೆ ಬೆಳೆ ಹೋಗುತ್ತದೆಂದು. ನಮ್ಮ ಶಾಲೆ ಕಚೇರಿಗಳಿಗೆ ಇಂದು ಸಿಕ್ಕುವ ಭಾನುವಾರದ ರಜೆಯ ಬೇರು ಅಲ್ಲಿದೆ.

ರಜೆ ಬಂದ ಮೇಲೆ ಕಡ್ಡಾಯವೂ ಬಂದಿತು. ಸ್ಪೇನಿನ ಎಲ್ವೀರದಲ್ಲಿ 305 ರ ಆಸುಪಾಸಿನಲ್ಲೇ ಸೇರಿದ್ದ ಧರ್ಮಸಭೆಯೊಂದು, ಪಟ್ಟಣದಲ್ಲಿದ್ದೂ ಮೂರು ಭಾನುವಾರ ಬಾರದವನನ್ನು ಕೆಲಕಾಲ ಹೊರಗಿಡಬೇಕೆಂದಿತ್ತು. ಅದು ಸಭೆಯೊಳಗಿನ ಶಿಸ್ತು. ಇಂಗ್ಲೆಂಡಿನಲ್ಲಿ ಸರ್ಕಾರವೇ ಹಾಜರಿ ಹಿಡಿಯಿತು. 1559 ರ ಕಾಯಿದೆಯಂತೆ ರಾಜ್ಯದ ಚರ್ಚಿಗೆ ಬಾರದವನಿಗೆ ಒಂದೊಂದು ಭಾನುವಾರಕ್ಕೆ 12 ಪೆನ್ಸ್ ದಂಡ. 1581 ರಲ್ಲಿ ಅದು ತಿಂಗಳಿಗೆ 20 ಪೌಂಡಿಗೆ ಏರಿತು. ಬಡವನ ಮಾತಿರಲಿ, ಜಮೀನುದಾರನೂ ತಾಳಲಾರದ ಮೊತ್ತ. 1592 ರಲ್ಲಿ ಸ್ಟ್ರಾಟ್‌ಫರ್ಡಿನಲ್ಲಿ ಚರ್ಚಿಗೆ ಬಾರದವರ ಪಟ್ಟಿ ತಯಾರಿಸಿದಾಗ ಅದರಲ್ಲಿ ಜಾನ್ ಶೇಕ್ಸ್‌ಪಿಯರ್ ಎಂಬವನ ಹೆಸರೂ ಇತ್ತು. ಕವಿ ಶೇಕ್ಸ್‌ಪಿಯರನ ತಂದೆ. ಸಾಲಗಾರರು ಹಿಡಿಸಿಯಾರೆಂಬ ಭಯದಿಂದ ಬರುತ್ತಿಲ್ಲವೆಂದು ಕಾರಣ ಬರೆದಿದ್ದಾರೆ. ಊರೆಲ್ಲ ತಪ್ಪದೆ ಸೇರುವ ಜಾಗದಲ್ಲಿ ಸಾಲಗಾರನಿಗೆ ಸಿಕ್ಕಿಬೀಳುವುದು ಖಂಡಿತವಷ್ಟೆ. ದಂಡದ ಭಯದಿಂದ ತುಂಬಿದ ಚರ್ಚಿಗೂ ಪ್ರಾಣಭಯವಿದ್ದೂ ತುಂಬಿದ ಅಬಿತಿನೆಯ ಪಡಸಾಲೆಗೂ ಹೋಲಿಕೆಯಿಲ್ಲ. ಈ ಕಾಲದ ವಿಷಯವಾಗಿ ಇಷ್ಟು ಸಾಕು.

ರೇಡಿಯೋ ಪತ್ರಿಕೆಯಲ್ಲಿ ರೇಡಿಯೋ ಮಾತು ಬಾರದಿದ್ದರೆ ಹೇಗೆ? ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ 1921 ನೆಯ ಜನವರಿಯಲ್ಲಿಯೇ ಚರ್ಚಿನ ಆರಾಧನೆಯನ್ನು ಬಾನುಲಿಯಲ್ಲಿ ಬಿತ್ತರಿಸಿದರು. ಲಂಡನ್ನಿನ ಸೇಂಟ್ ಮಾರ್ಟಿನ್ ಚರ್ಚಿನಿಂದ 1924 ನೆಯ ಜನವರಿ 6 ರಂದು ಪ್ರಸಾರವಾಯಿತು. ಅದರ ಹಿಂದಿನ ವರ್ಷ ರಾಜಕುಮಾರನ ಮದುವೆಯನ್ನು ಬಿತ್ತರಿಸಲು ವೆಸ್ಟ್‌ಮಿನ್‌ಸ್ಟರ್ ದೇವಾಲಯದವರು ಒಪ್ಪಿರಲಿಲ್ಲ. ಹೆಂಡದಂಗಡಿಯಲ್ಲಿ ಕುಳಿತವರು ಟೋಪಿ ತೆಗೆಯದೆ ಕೇಳಿಯಾರೆಂದು ಅಂಜಿದರಂತೆ! ಹಾಸಿಗೆ ಹಿಡಿದವರಿಗೂ ದೂರದ ಹಳ್ಳಿಯವರಿಗೂ ಈ ಪ್ರಸಾರಗಳು ದೊಡ್ಡ ಉಪಕಾರವಾದುವು. ಆದರೆ ಕಥೋಲಿಕ ಸಭೆ, ಆರೋಗ್ಯವಂತನು ಬಾನುಲಿಯಲ್ಲಿ ಪೂಜೆ ಕೇಳಿದರೆ ಭಾನುವಾರದ ಕರ್ತವ್ಯ ತೀರಿತೆಂದು ಒಪ್ಪಲಿಲ್ಲ. 2020 ರಲ್ಲಿ ಕೊರೋನಾ ವ್ಯಾಧಿಯಿಂದ ಜಗತ್ತಿನ ಚರ್ಚುಗಳೆಲ್ಲ ಮುಚ್ಚಿ, ಜನರು ಫೋನಿನಲ್ಲಿ ಆರಾಧನೆ ನೋಡಬೇಕಾಗಿ ಬಂದಾಗ ಈ ಪ್ರಶ್ನೆ ಮತ್ತೆ ಎದ್ದಿತು. ಕಿವಿಗೆ ಉಪದೇಶ ಬೀಳುವುದೇ ಮುಖ್ಯವಾಗಿದ್ದರೆ ರೇಡಿಯೋ ಸಾಕು. ಅದರಲ್ಲಿ ಬರುವ ಉಪದೇಶ ಊರ ಪಾದ್ರಿಯ ಉಪದೇಶಕ್ಕಿಂತ ಚೆನ್ನಾಗಿಯೂ ಇದ್ದೀತು. ಜಸ್ಟಿನನ ಪಟ್ಟಿಯನ್ನು ಮತ್ತೊಮ್ಮೆ ನೋಡಿದರೆ, ಕೇಳುವುದು ಅದರಲ್ಲಿ ಒಂದು ಅಂಗ ಮಾತ್ರ. ಎದ್ದು ನಿಲ್ಲುವುದು, ಆಮೆನ್ ಎನ್ನುವುದು, ಹಂಚಿ ಉಣ್ಣುವುದು, ಕಾಣಿಕೆ ಹಾಕುವುದು, ಬಾರದವನಿಗೆ ಒಯ್ಯುವುದು: ಇವು ಯಾವ ಯಂತ್ರದಿಂದಲೂ ಹರಿಯುವುದಿಲ್ಲ.

ಕೂಟವೂ ಇಲ್ಲ, ಗುರುವೂ ಇಲ್ಲ, ದೇವಾಲಯವೂ ಇಲ್ಲ ಎಂದಾದರೆ ನಂಬಿಕೆ ಎಷ್ಟು ಕಾಲ ಉಳಿದೀತು? ಇದನ್ನು ಜಪಾನ್ ದೇಶ ಪರೀಕ್ಷೆ ಮಾಡಿ ನೋಡಿದೆ. ಗೋವೆಯಿಂದ ಹೊರಟ ಫ್ರಾನ್ಸಿಸ್ ಝೇವಿಯರ್ 1549 ರಲ್ಲಿ ಕಾಗೊಷಿಮಕ್ಕೆ ಹೋಗಿ ಇಳಿದನು. ಎರಡು ತಲೆಮಾರಿನಲ್ಲಿ ಅಲ್ಲಿ ಕ್ರೈಸ್ತರು ಲಕ್ಷದ ಲೆಕ್ಕಕ್ಕೆ ಏರಿದರು. 1614 ರಲ್ಲಿ ಆ ಮತವನ್ನು ದೇಶಾದ್ಯಂತ ನಿಷೇಧಿಸಲಾಯಿತು. ಗುರುಗಳನ್ನು ಹಿಡಿದುಕೊಟ್ಟವರಿಗೆ ಬಹುಮಾನ. ಪ್ರತಿಯೊಂದು ಮನೆಯವರೂ ಬೌದ್ಧ ದೇವಾಲಯದಲ್ಲಿ ಹೆಸರು ಬರೆಸಬೇಕು. ನಾಗಸಾಕಿಯ ಸುತ್ತಮುತ್ತ ವರ್ಷಕ್ಕೊಮ್ಮೆ ಎಲ್ಲರೂ ಯೇಸುವಿನ ಅಥವಾ ಮರಿಯಳ ಚಿತ್ರವನ್ನು ಕಾಲಿನಿಂದ ತುಳಿದು ತೋರಿಸಬೇಕು. 1644 ರ ವೇಳೆಗೆ ದೇಶದಲ್ಲಿ ಒಬ್ಬ ಪಾದ್ರಿಯೂ ಉಳಿಯಲಿಲ್ಲ.

ನಾಗಸಾಕಿಯ ಬಳಿ ಉರಕಾಮಿ ಎಂಬ ಹಳ್ಳಿ. ಅಲ್ಲಿನ ರೈತರು ಚಿತ್ರವನ್ನು ತುಳಿದರು. ಮನೆಗೆ ಬಂದು ಪಶ್ಚಾತ್ತಾಪದ ಪ್ರಾರ್ಥನೆ ಹೇಳಿದರು. ತಮ್ಮೊಳಗೆ ಗುಟ್ಟಾದ ಒಂದು ವ್ಯವಸ್ಥೆ ಮಾಡಿಕೊಂಡರು. ‘ಚೋಕತ’ ಎಂಬವನು ಪಂಚಾಂಗದವನು: ಯಾವುದು ಭಾನುವಾರ, ಯಾವುದು ಹಬ್ಬ, ಯಾವುದು ಉಪವಾಸದ ದಿನ ಎಂದು ಲೆಕ್ಕ ಇಡುವವನು. ‘ಮಿಜುಕತ’ ಹುಟ್ಟಿದ ಮಗುವಿಗೆ ದೀಕ್ಷಾಸ್ನಾನ ಮಾಡಿಸುವವನು. ‘ಕಿಕಿಯಾಕು’ ಮನೆಮನೆಗೆ ಸುದ್ದಿ ಮುಟ್ಟಿಸುವವನು. ಪಾದ್ರಿಯಿಲ್ಲದ್ದರಿಂದ ಪೂಜೆ ಇಲ್ಲ. ಆದರೂ ಕೂಡುವುದನ್ನು ಬಿಡಲಿಲ್ಲ. ಲ್ಯಾಟಿನ್, ಪೋರ್ಚುಗೀಸ್ ಮಾತಿನ ಪ್ರಾರ್ಥನೆಗಳು ಬಾಯಿಂದ ಬಾಯಿಗೆ ಸವೆದು ‘ಒರಾಷೊ’ ಎಂಬ ಹೆಸರಿನಲ್ಲಿ ನಿಂತುವು. ಏಳು ತಲೆಮಾರು ಕಳೆದ ಮೇಲೆ ಕಪ್ಪು ಹಡಗಿನಲ್ಲಿ ಗುರುಗಳು ಬರುವರೆಂದು ಒಂದು ಭವಿಷ್ಯವಾಣಿ ಅವರಲ್ಲಿತ್ತಂತೆ.

ಜಪಾನ್ ಹೊರಗಿನವರಿಗೆ ಬಾಗಿಲು ತೆರೆದ ಮೇಲೆ ನಾಗಸಾಕಿಯಲ್ಲಿ ವಿದೇಶೀಯರ ಉಪಯೋಗಕ್ಕೆಂದು ಫ್ರೆಂಚ್ ಗುರುಗಳು ಓರಾ ಎಂಬಲ್ಲಿ ಒಂದು ಚರ್ಚು ಕಟ್ಟಿದರು. 1865 ನೆಯ ಮಾರ್ಚ್ 17 ರಂದು ಗಂಡಸರು ಹೆಂಗಸರು ಮಕ್ಕಳು ಸೇರಿ ಹದಿನೈದು ಮಂದಿ ಅದರ ಬಾಗಿಲಲ್ಲಿ ಬಂದು ನಿಂತರು. ನೋಡಲು ಬಂದವರೆಂದು ಪೆತಿಜಾನ್ ಎಂಬ ಗುರು ಬಾಗಿಲು ತೆಗೆದು ಒಳಗೆ ಬಿಟ್ಟು, ತಾನು ಪೀಠದ ಮುಂದೆ ಮೊಣಕಾಲೂರಿದನು. ಒಬ್ಬ ಹೆಂಗಸು ಹತ್ತಿರ ಬಂದು ಎದೆಯ ಮೇಲೆ ಕೈಯಿಟ್ಟು, ನಮ್ಮೆಲ್ಲರ ಹೃದಯವೂ ನಿಮ್ಮ ಹೃದಯವೂ ಒಂದೇ ಎಂಬಂತೆ ಪಿಸುಗುಟ್ಟಿದಳು. ಸಾಂತ ಮರಿಯಳ ವಿಗ್ರಹ ಎಲ್ಲಿದೆಯೆಂದು ಕೇಳಿದಳು. ಉರಕಾಮಿಯವರು! ಮಾತಿಗೆ ಮಾತು ಬಂದು, ಈಗ ದುಃಖದ ಕಾಲದ ಹದಿನೇಳನೆಯ ದಿನವಲ್ಲವೆ ಎಂದು ಅವರು ಗುರುವನ್ನು ವಿಚಾರಿಸಿದರು. ಆ ವರ್ಷ ಈಸ್ಟರ್ ಬಂದದ್ದು ಏಪ್ರಿಲ್ 16 ಕ್ಕೆ. ತಪಸ್ಸು ಕಾಲ ಮೊದಲಾಗುವ ವಿಭೂತಿ ಬುಧವಾರ ಮಾರ್ಚ್ 1. ಬೆರಳೆಣಿಸಿ ನೋಡಬಹುದು: ಮಾರ್ಚ್ 17 ಸರಿಯಾಗಿ ಹದಿನೇಳನೆಯ ದಿನ. ಇನ್ನೂರು ವರ್ಷಕ್ಕೂ ಮೇಲ್ಪಟ್ಟು, ಅಚ್ಚಾದ ಪಂಚಾಂಗವಿಲ್ಲದೆ, ಚಂದ್ರಮಾನದ ದೇಶದಲ್ಲಿ, ರೈತರು ಗುಟ್ಟಾಗಿ ಸೇರಿ ಲೆಕ್ಕವನ್ನು ಒಂದು ದಿನವೂ ತಪ್ಪದಂತೆ ಇಟ್ಟಿದ್ದರು. ಒಬ್ಬೊಬ್ಬರೇ ತಮ್ಮ ತಮ್ಮ ಮನೆಯಲ್ಲಿ ಭಕ್ತರಾಗಿದ್ದಿದ್ದರೆ ಇದು ಸಾಧ್ಯವಾಗುತ್ತಿತ್ತೆ ಎಂಬುದನ್ನು ಓದುಗರೇ ಯೋಚಿಸಲಿ.

ಬೆಳಕಿಗೆ ಬಂದದ್ದಕ್ಕೆ ಅವರು ಬೆಲೆ ಕೊಟ್ಟರು. ಉರಕಾಮಿಯ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ನಾನಾ ಪ್ರಾಂತಗಳಿಗೆ ಗಡೀಪಾರು ಮಾಡಿದರು. ನೂರಾರು ಜನ ಅಲ್ಲಿಯೇ ಸತ್ತರು. 1873 ರಲ್ಲಿ ನಿಷೇಧದ ಫಲಕಗಳನ್ನು ಕಿತ್ತುಹಾಕಿದ ಮೇಲೆ ಉಳಿದವರು ಊರಿಗೆ ಬಂದರು. ತಮ್ಮನ್ನು ಕರೆಸಿ ಚಿತ್ರ ತುಳಿಸುತ್ತಿದ್ದ ಗ್ರಾಮಾಧಿಕಾರಿಯ ಮನೆಯ ನಿವೇಶನವನ್ನೇ ಕೊಂಡು ಅಲ್ಲಿ ಚರ್ಚು ಕಟ್ಟಲು ತೊಡಗಿದರು. ಕಟ್ಟಡ ಮುಗಿದದ್ದು 1914 ರಲ್ಲಿ. 1945 ನೆಯ ಆಗಸ್ಟ್ 9 ರಂದು ಪರಮಾಣು ಬಾಂಬು ಬಿದ್ದದ್ದು ಅದರ ಸಮೀಪದಲ್ಲಿಯೇ. ಮುಂದಿನ ವಾರದ ಮರಿಯಮ್ಮನ ಹಬ್ಬಕ್ಕೆ ಸಿದ್ಧರಾಗಲು ಪಾಪನಿವೇದನೆಗೆ ಬಂದಿದ್ದವರೂ ಗುರುಗಳೂ ಒಳಗೇ ಮಡಿದರು. ಉರಕಾಮಿಯ ಸುಮಾರು 12,000 ಕಥೋಲಿಕರಲ್ಲಿ 8,500 ಮಂದಿ ಸತ್ತರೆಂದು ಹೇಳುತ್ತಾರೆ. 1959 ರಲ್ಲಿ ಚರ್ಚನ್ನು ಮತ್ತೆ ಕಟ್ಟಿದರು.

ಇನ್ನೊಂದು ಪಕ್ಷವನ್ನೂ ಹೇಳಬೇಕು. ನಿಷೇಧ ಹೋದ ಮೇಲೂ ಇಕಿತ್ಸುಕಿ ಮುಂತಾದ ದ್ವೀಪಗಳಲ್ಲಿ ಕೆಲವರು ಹೊಸ ಗುರುಗಳ ಬಳಿಗೆ ಹೋಗಲಿಲ್ಲ. ಅಜ್ಜಂದಿರು ಕಲಿಸಿದ ಗುಟ್ಟಿನ ಆಚಾರವೇ ನಮ್ಮದು ಎಂದು ಮನೆಯ ಕೋಣೆಗಳಲ್ಲಿ ಒರಾಷೊ ಹೇಳುತ್ತ ಉಳಿದರು. ಅವರ ನಿಷ್ಠೆಯನ್ನು ಅಲ್ಲಗಳೆಯಲಾಗದು. ಆದರೆ ಕಾಲಕ್ರಮದಲ್ಲಿ ಹುಡುಗರು ಪಟ್ಟಣಗಳಿಗೆ ಹೋದರು, ಕೂಡುವವರು ಕಡಿಮೆಯಾದರು, ಗುಂಪುಗಳು ಒಂದೊಂದಾಗಿ ಕರಗಿದುವು. ಕತ್ತಿಯಿಂದ ಆಗದ್ದು ಖಾಲಿ ಚಾಪೆಯಿಂದ ಆಯಿತು.

ನಮ್ಮ ನಾಡಿನಲ್ಲಿಯೂ ಹೇಳತಕ್ಕ ಸಂಗತಿಗಳುಂಟು. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಸಂಶಯದಿಂದ ಟಿಪ್ಪು ಸುಲ್ತಾನನು 1784 ರಲ್ಲಿ ಮಂಗಳೂರು ಸೀಮೆಯ ಕೊಂಕಣಿ ಕ್ರೈಸ್ತರನ್ನು ಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅವರು ಎಷ್ಟು ಸಾವಿರ ಎಂಬುದರಲ್ಲಿ ಲೇಖಕರಿಗೆ ಒಮ್ಮತವಿಲ್ಲ. 1680 ರಲ್ಲಿ ಕಟ್ಟಿದ್ದ ಮಿಲಾಗ್ರಿಸ್ ಇಗರ್ಜಿಯೂ ಸೇರಿ ಬಹುತೇಕ ಇಗರ್ಜಿಗಳು ನೆಲಸಮವಾದುವು. 1799 ನೆಯ ಮೇ 4 ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ, ಬದುಕಿ ಉಳಿದವರಲ್ಲಿ ಅನೇಕರು ಘಟ್ಟ ಇಳಿದರು. ಇಗರ್ಜಿಗಳು ಒಂದೊಂದಾಗಿ ಮತ್ತೆ ಎದ್ದುವು. ಅವರ ಸಮಾಜದ ಕಟ್ಟಡವನ್ನು ಹಿಡಿದು ನಿಲ್ಲಿಸಿದವನು ಪಾದ್ರಿ ಒಬ್ಬನೇ ಅಲ್ಲ. ಒಂದು ಇಗರ್ಜಿಗೆ ಸೇರಿದ ಮನೆಗಳನ್ನು ವಾಡೆಗಳಾಗಿ ವಿಂಗಡಿಸಿ ಒಂದೊಂದಕ್ಕೆ ಒಬ್ಬ ಗುರ್ಕಾರನನ್ನು ನೇಮಿಸುವುದು ಅವರಲ್ಲಿ ಪದ್ಧತಿ. ಗೃಹಸ್ಥನಾದ ಆ ಮುಖಂಡನ ಹೆಸರು ನಮ್ಮ ಹಳಗಾಲದ ‘ಗುರಿಕಾರ’ ಎಂಬ ಮಾತೇ. ಉರಕಾಮಿಯ ಚೋಕತನ ಕಥೆ ಓದಿದಾಗ ನನಗೆ ಈ ಗುರ್ಕಾರನ ನೆನಪಾಯಿತು. ಮೈಸೂರು ಸೀಮೆಯಲ್ಲಿಯೇ ಉಳಿದ ಕ್ರೈಸ್ತರನ್ನು ಮತ್ತೆ ಕೂಡಿಸುವ ಕೆಲಸಕ್ಕೆ, ನಮ್ಮ ಆಚಾರ ವ್ಯವಹಾರಗಳ ವಿಷಯವಾಗಿ ಪುಸ್ತಕ ಬರೆದು ಹೆಸರಾದ ಫ್ರೆಂಚ್ ಗುರು ಅಬ್ಬೆ ದ್ಯುಬ್ವಾ ಬಂದನು. 1823 ರವರೆಗೂ ಇಲ್ಲಿದ್ದನು.

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ 1860 ರ ದಶಕದಲ್ಲಿ ಫ್ರೆಂಚ್ ಗುರುಗಳು ಕಟ್ಟಿದ ಒಂದು ಇಗರ್ಜಿಯಿದೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರವರು ಬೇರೆಡೆಗೆ ಹೋದರು. ಮಳೆಗಾಲದಲ್ಲಿ ಆ ಕಟ್ಟಡ ಅರ್ಧ ಮುಳುಗಿ ನಿಲ್ಲುತ್ತದೆ. ಚಿತ್ರ ತೆಗೆಯುವವರು ದೂರದೂರದಿಂದ ಬಂದು ಅದನ್ನು ಚರ್ಚು ಎನ್ನುತ್ತಾರೆ. ಮೇಲೆ ಹೇಳಿದ ಗ್ರೀಕ್ ಅರ್ಥದಲ್ಲಿ ನೋಡಿದರೆ ಆ ಇಗರ್ಜಿ ಊರವರ ಸಂಗಡ ಎಂದೋ ಹೊರಟುಹೋಗಿದೆ.

1834 ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಬಂದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನನ್ನು ಸ್ಥಾಪಿಸಿದರು. ಆಗ ಅಲ್ಲಿ ಹೊಸದಾಗಿ ಸಭೆ ಸೇರಿದವನು ಅವಿಭಕ್ತ ಕುಟುಂಬದ ಆಶ್ರಯವನ್ನು, ಹಲವು ವೇಳೆ ಕಸುಬನ್ನೂ ಕಳೆದುಕೊಳ್ಳುತ್ತಿದ್ದನು. ಜಾತಿಯಿಂದ ಹೊರಗಾದವನಿಗೆ ಕಷ್ಟಸುಖ ಕೇಳುವ ಬಂಧುಗಳೆಂದರೆ ಭಾನುವಾರ ಪಕ್ಕದಲ್ಲಿ ಕೂರುವವರು. ನೇಯ್ಗೆ, ಅಚ್ಚುಕೂಟ, 1865 ರಲ್ಲಿ ಜೆಪ್ಪುವಿನ ಹಂಚಿನ ಕಾರ್ಖಾನೆ: ಇವುಗಳ ಹಿಂದೆ ಇಂಥವರಿಗೆ ಅನ್ನದ ದಾರಿ ಮಾಡಬೇಕೆಂಬ ಚಿಂತೆ ಇತ್ತು. ಇಂದು ನಮ್ಮ ಮನೆಗಳ ಮೇಲಿರುವ ಮಂಗಳೂರು ಹಂಚಿಗೆ ಆ ಕೂಟದ ಋಣವುಂಟು.

ಕನ್ನಡಕ್ಕೂ ಆ ಋಣವುಂಟು. ಅಕ್ಷರ ಬಾರದವರೂ ವಾರವಾರ ಕನ್ನಡ ಗದ್ಯವನ್ನು ಗಟ್ಟಿಯಾಗಿ ಓದುವುದನ್ನು ಕೇಳಿದರು. ಒಟ್ಟಾಗಿ ಕನ್ನಡದಲ್ಲಿ ಹಾಡಿದರು. ಜರ್ಮನ್ ಧಾಟಿಗೆ ಕನ್ನಡವನ್ನು ಒಗ್ಗಿಸುವಾಗ ಹ್ರಸ್ವ ದೀರ್ಘಗಳು ಪಟ್ಟ ಪಾಡು ಬೇರೆ ಮಾತು. ನಿಘಂಟಿನ ಕಿಟ್ಟೆಲರಿಗೆ ಇದು ಸರಿಬಾರದೆ, 1862 ರಲ್ಲಿ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿಯೇ ‘ಕಥಾಮಾಲೆ’ ಎಂದು ಬರೆದರು. ಮುಂದೆ ನಾಗವರ್ಮನ ‘ಛಂದೋಂಬುಧಿ’ಯನ್ನೇ ಸಂಪಾದಿಸಿದರು. ಕಥೋಲಿಕರಲ್ಲಿ ಪೂಜೆ ಲ್ಯಾಟಿನ್ನಿನಲ್ಲಿತ್ತು. ಗುರುಗಳು ಪೀಠದ ಕಡೆಗೆ ಮುಖಮಾಡಿ ಮಂತ್ರ ಹೇಳುತ್ತಿದ್ದರೆ ಹಿಂದೆ ಕುಳಿತ ಮುದುಕಿಯರು ಜಪಮಾಲೆ ಎಣಿಸುತ್ತಿದ್ದರು. 1962 ರಿಂದ 1965 ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಜನರ ಮಾತಿನಲ್ಲಿ ಪೂಜೆಗೆ ದಾರಿ ತೆರೆದ ಮೇಲೆ ಕನ್ನಡ, ಕೊಂಕಣಿ, ತಮಿಳುಗಳು ಪೀಠದವರೆಗೆ ಬಂದುವು. ಯಾವ ಇಗರ್ಜಿಯಲ್ಲಿ ಯಾವ ಭಾಷೆಯ ಪೂಜೆ ಎಷ್ಟು ಹೊತ್ತಿಗೆ ಎಂಬುದರ ಮೇಲೆ ಬೆಂಗಳೂರಿನಲ್ಲಿ ಜಗಳಗಳೂ ಆದುವು, ನ್ಯಾಯ ಹೇಳುವವರೂ ಹುಟ್ಟಿಕೊಂಡರು. ಜಗಳ ಒಳ್ಳೆಯದೆಂದು ನಾನು ಹೇಳುವುದಿಲ್ಲ. ವರ್ಷಕ್ಕೊಮ್ಮೆ ಕ್ರಿಸ್‌ಮಸ್ಸಿಗೆ ಮಾತ್ರ ಇಣುಕುವವರು ಆ ಜಗಳದಲ್ಲಿ ಇರಲಿಲ್ಲ; ಇದ್ದವರು, ಆಮೆನ್ ಎಂಬುದಕ್ಕೆ ಮುಂಚಿನ ಮಾತು ತಮ್ಮದಾಗಿರಬೇಕೆಂದು ಬಯಸಿ ವಾರವಾರವೂ ತಪ್ಪದೆ ಬರುತ್ತಿದ್ದವರು.